ಮುಳುಗಡೆಯ ದನಿಗಳನ್ನು ಅಂತರ್ಜಾಲದಲ್ಲಿ ಇಡುವ ಮುನ್ನ

ಪ್ರಶ್ನೆ: ನನ್ನ ತಂದೆ ಸಾಗರ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. 1985ರಿಂದ 1993ರ ನಡುವೆ ಅವರು ಹಿರೇಭಾಸ್ಕರ ಮತ್ತು ಲಿಂಗನಮಕ್ಕಿ ಅಣೆಕಟ್ಟುಗಳಿಂದ ಊರು ಕಳೆದುಕೊಂಡ ಹಿರಿಯರನ್ನು ಹುಡುಕಿಕೊಂಡು ಹೋಗಿ ಅವರ ಮಾತುಗಳನ್ನು ಟೇಪ್ ಮಾಡಿಕೊಂಡಿದ್ದರು. ಗೇಣಿದಾರ ರೈತರ ಕಾಗೋಡು ಸತ್ಯಾಗ್ರಹವನ್ನು ನೆನೆದು ಮಾತಾಡಿದವರೂ ಅವರಲ್ಲಿದ್ದಾರೆ. ಸುಮಾರು 70 ಕ್ಯಾಸೆಟ್‌ಗಳು ಕಬ್ಬಿಣದ ಟ್ರಂಕಿನಲ್ಲಿವೆ. ಹೆಚ್ಚಿನವು 90 ನಿಮಿಷದವು. ಕೆಲವುಗಳ ಮೇಲೆ ‘ಅಜ್ಜಿ, ತುಮರಿ’ ಎಂದಷ್ಟೇ ಬರೆದಿದೆ. ತಂದೆ ಈಗಿಲ್ಲ. ಇವನ್ನು ಎಲ್ಲರೂ ಉಚಿತವಾಗಿ ಕೇಳುವಂತೆ ಅಂತರ್ಜಾಲದಲ್ಲಿ ಇಡಬೇಕೆಂಬುದು ನಮ್ಮ ಮನೆಯವರ ಆಸೆ. ಪೇಟೆಯ ಸ್ಟುಡಿಯೊ ಒಂದು ಕಡಿಮೆ ಹಣಕ್ಕೆ ಎಲ್ಲವನ್ನೂ ಎಂಪಿ3 ಮಾಡಿಕೊಡುತ್ತೇವೆಂದಿದೆ. ನನ್ನ ಮಗ ಎಲ್ಲವನ್ನೂ ಯೂಟ್ಯೂಬಿಗೆ ಹಾಕಿಬಿಡೋಣ ಎನ್ನುತ್ತಾನೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ತಂದೆಯವರು ಮಾಡಿಟ್ಟಿರುವ ಕೆಲಸ ಎಷ್ಟು ದೊಡ್ಡದೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಮುಂದೆ ಹೇಳಲಿರುವ ಎಲ್ಲ ಎಚ್ಚರಿಕೆಗಳಿಗೂ ಅದೇ ಕಾರಣ. 1948ರ ಹೊತ್ತಿಗೆ ಹಿರೇಭಾಸ್ಕರವೂ 1964ರಲ್ಲಿ ಲಿಂಗನಮಕ್ಕಿಯೂ ಶರಾವತಿಯನ್ನು ತಡೆದು ನಿಲ್ಲಿಸಿದ ಮೇಲೆ ಅಲ್ಲಿನ ಎಕರೆ, ಪರಿಹಾರ, ವಿದ್ಯುತ್ತಿನ ಲೆಕ್ಕಗಳೆಲ್ಲ ಸರ್ಕಾರಿ ಕಡತಗಳಲ್ಲಿ ದಾಖಲಾದವು. ಇಂದಿಗೂ ಪ್ರತಿ ಮಳೆಗಾಲದಲ್ಲಿ ನೀರು 1819 ಅಡಿಯ ಗರಿಷ್ಠ ಮಟ್ಟಕ್ಕೆ ಎಷ್ಟು ಹತ್ತಿರ ಬಂತೆಂದು ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ. ಆದರೆ ಆ ನೀರಿನಡಿಯ ಊರಿನಲ್ಲಿ ಯಾರ ಮನೆಯ ಪಕ್ಕಕ್ಕೆ ಯಾರ ಮನೆಯಿತ್ತು, ಕೊನೆಯ ವರ್ಷದ ಕೊಯ್ಲು ಹೇಗಾಯಿತು, ಊರ ದೇವರನ್ನು ಹೊತ್ತು ತಂದವರು ಯಾರು, ಗೇಣಿಗೆ ಮಾಡುತ್ತಿದ್ದವನ ಕೈಗೆ ಕೊನೆಗೆ ಏನು ಬಂತು ಎಂಬುದನ್ನೆಲ್ಲ ಕಡತ ಬರೆಯುವವರು ಕೇಳಿರಲಿಲ್ಲ. ನಿಮ್ಮ ತಂದೆ ಕೇಳಿದ್ದಾರೆ. 1951ರ ಕಾಗೋಡು ಸತ್ಯಾಗ್ರಹದ ವಿಷಯದಲ್ಲಿಯೂ ಹಾಗೆಯೇ. ನಾಯಕರ ಹೆಸರುಗಳು ಪುಸ್ತಕಗಳಲ್ಲಿವೆ. ಗೇಣಿಯ ಭತ್ತ ಅಳೆಯುವ ಕೊಳಗದ ಮುಂದೆ ನಿಂತಿದ್ದ ಸಾಮಾನ್ಯ ರೈತನ ಮಾತು ಸಿಗುವುದು ಇಂಥ ಟೇಪುಗಳಲ್ಲಿ ಮಾತ್ರ.

ಇನ್ನು ವಿಷಯಕ್ಕೆ ಬರುತ್ತೇನೆ. ಇಂಥ ಸಂಗ್ರಹಗಳ ಬಗ್ಗೆ ನನ್ನನ್ನು ಕೇಳುವವರೆಲ್ಲ ‘ಯಾವ ಜಾಲತಾಣ’ ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಅದು ಈ ಕೆಲಸದಲ್ಲಿ ಅತ್ಯಂತ ಸುಲಭದ ಭಾಗ ಮತ್ತು ಕೊನೆಗೆ ಬರಬೇಕಾದ ಭಾಗ. ನಿಮ್ಮ ಟೇಪುಗಳು ಕೆಡುತ್ತಿವೆ ಎಂಬುದು ನಿಜ. ಅದಕ್ಕಿಂತ ಅವಸರದ ಸಂಗತಿ ಇನ್ನೊಂದಿದೆ. ಲಿಂಗನಮಕ್ಕಿಯ ನೀರು ಏರಿದಾಗ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ‘ಅಜ್ಜಿ, ತುಮರಿ’ ಎಂಬ ಚೀಟಿಯಿರುವ ಕ್ಯಾಸೆಟ್ಟಿನ ದನಿಯನ್ನು ಕೇಳಿ ‘ಇದು ಇಂಥವರ ಮನೆಯ ಇಂಥವಳು’ ಎಂದು ಹೇಳಬಲ್ಲವರು ಅವರು ಮತ್ತು ಅವರಿಗಿಂತ ಸ್ವಲ್ಪ ಕಿರಿಯರು ಮಾತ್ರ. ಒಳ್ಳೆಯ ಸ್ಥಿತಿಯಲ್ಲಿರುವ ಟೇಪು ಇನ್ನೂ ಹತ್ತು ವರ್ಷ ಉಳಿದೀತು. ಆ ದನಿಯ ಗುರುತು ಹಿಡಿಯಬಲ್ಲವರು ಅಷ್ಟು ಕಾಲ ನಮ್ಮ ನಡುವೆ ಇರುತ್ತಾರೆಂಬ ಭರವಸೆಯಿಲ್ಲ. ಆದ್ದರಿಂದ ನನ್ನ ಸಲಹೆಯ ಕ್ರಮ ಹೀಗಿದೆ: ಮೊದಲು ಸರಿಯಾದ ಡಿಜಿಟಲ್ ಪ್ರತಿ, ಅದರ ಬೆನ್ನಿಗೇ ಆ ಪ್ರತಿಗಳನ್ನು ಹಿಡಿದುಕೊಂಡು ಊರುಗಳಿಗೆ ಹೋಗಿ ಹಿರಿಯರೊಂದಿಗೆ ಕೂತು ಕೇಳುವುದು, ಅಲ್ಲಿಯೇ ಒಪ್ಪಿಗೆಯ ಮಾತು, ಆಮೇಲೆ ವಿವರಪಟ್ಟಿ, ಕೊನೆಗೆ ಅಂತರ್ಜಾಲ.

ಡಿಜಿಟಲ್ ಪ್ರತಿಯ ವಿಚಾರ. ಸದ್ಯಕ್ಕೆ ಯಾವ ಕ್ಯಾಸೆಟ್ಟನ್ನೂ ಹಾಕಿ ಕೇಳಬೇಡಿ, ಕುತೂಹಲಕ್ಕೂ ಬೇಡ. ಮಲೆನಾಡಿನ ಮೂವತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡ ಟೇಪು ಮೊದಲ ಸಲ ತಿರುಗುವಾಗಲೇ ಹರಿಯುವ ಸಾಧ್ಯತೆ ಹೆಚ್ಚು. ಸಾಮಾನ್ಯವಾಗಿ ಕೈಕೊಡುವ ಜಾಗಗಳು ಎರಡು: ಟೇಪಿನ ತುದಿಯನ್ನು ಪಾರದರ್ಶಕ ಪಟ್ಟಿಗೆ ಅಂಟಿಸಿದ ಗಂಟು, ಮತ್ತು ಟೇಪನ್ನು ಹೆಡ್ಡಿಗೆ, ಅಂದರೆ ಯಂತ್ರದಲ್ಲಿ ದನಿಯನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಚಿಕ್ಕ ಪ್ಯಾಡು. ಪ್ಯಾಡು ಅಂಟು ಬಿಟ್ಟು ಉದುರಿಹೋಗಿದ್ದರೆ ದನಿ ಮಂಕಾಗಿ, ದೂರದಿಂದ ಬಂದಂತೆ ಕೇಳುತ್ತದೆ. ಧ್ವನಿಮುದ್ರಣವೇ ಕೆಟ್ಟಿದೆಯೆಂದು ಅನೇಕರು ಅಂಥ ಕ್ಯಾಸೆಟ್ಟನ್ನು ಎಸೆದುಬಿಡುತ್ತಾರೆ. ಎರಡೂ ದುರಸ್ತಿಯಾಗುವಂಥವು: ಬಿಟ್ಟ ತುದಿಯನ್ನು ಮತ್ತೆ ಅಂಟಿಸಬೇಕು, ಪ್ಯಾಡು ಹೋಗಿದ್ದರೆ ಟೇಪನ್ನು ಬೇರೆ ಕವಚಕ್ಕೆ ವರ್ಗಾಯಿಸಿದರೆ ಸಾಕು. 90 ನಿಮಿಷದ ಟೇಪು 60 ನಿಮಿಷದ್ದಕ್ಕಿಂತ ತೆಳು, 120 ನಿಮಿಷದ್ದು ಇನ್ನೂ ತೆಳು. ಆದ್ದರಿಂದ 120ರವು ಇದ್ದರೆ ಅವನ್ನು ನುರಿತವರ ಕೈಗೇ ಕೊಡಬೇಕು. ಬೂಸ್ಟು ಹಿಡಿದವನ್ನು, ಎಂದರೆ ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಕಾಣುವುದನ್ನು, ಬೇರೆ ಡಬ್ಬಿಯಲ್ಲಿ ಪ್ರತ್ಯೇಕಿಸಿ ಇಡಿ; ಅವನ್ನು ಮುಟ್ಟುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ; ಶುಚಿ ಮಾಡದೆ ಡೆಕ್ಕಿಗೆ, ಅಂದರೆ ಕ್ಯಾಸೆಟ್ ನುಡಿಸುವ ಯಂತ್ರಕ್ಕೆ, ಹಾಕಿದರೆ ಆ ಡೆಕ್ಕಿನ ಮೂಲಕ ಮಿಕ್ಕವಕ್ಕೂ ಬೂಸ್ಟು ಹರಡುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ, ಆಗ ಕೈತಪ್ಪಿಯೂ ಅದರ ಮೇಲೆ ಬೇರೇನೂ ಮುದ್ರಣವಾಗುವುದಿಲ್ಲ. ಟ್ರಂಕನ್ನು ಗೋಡೆಯ ತೇವದಿಂದ ದೂರ, ಸ್ಪೀಕರುಗಳಿಂದಲೂ ದೂರ ಇಡಿ. ಕ್ಯಾಸೆಟ್‌ಗಳನ್ನು ಮಲಗಿಸದೆ, ಪುಸ್ತಕ ಜೋಡಿಸಿದಂತೆ ನಿಲ್ಲಿಸಿ.

ಸ್ಟುಡಿಯೊದವರ ಎಂಪಿ3 ಬೇಡ. ಎಂಪಿ3 ಎಂಬುದು ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಬಿಸಾಡಿ ಗಾತ್ರ ಕಡಿಮೆ ಮಾಡುವ ವಿಧಾನ. ಬಿಸಾಡಿದ್ದು ಮತ್ತೆ ಬರುವುದಿಲ್ಲ. ನಾಳೆ ಯಾರೋ ಭಾಷಾವಿಜ್ಞಾನಿ ಮಲೆನಾಡಿನ ದೀವರ ಸಮುದಾಯದ ಕನ್ನಡದ ಸ್ವರಗಳನ್ನು ಅಳೆಯಬೇಕೆಂದರೆ, ಅಥವಾ ಹಿನ್ನೆಲೆಯಲ್ಲಿ ಪಿಸುಗುಟ್ಟಿದವರ ಮಾತನ್ನು ಬಿಡಿಸಿಕೊಳ್ಳಬೇಕೆಂದರೆ ಆ ಪ್ರತಿ ಸಾಲದು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ತನ್ನ ಟಿಸಿ-04 ಮಾರ್ಗಸೂಚಿಯಲ್ಲಿ ಇಂಥ ಟೇಪುಗಳನ್ನು ಸಂಕುಚಿಸದ ವೇವ್ ಕಡತವಾಗಿ, 24 ಬಿಟ್ ಆಳದಲ್ಲಿ, ಕನಿಷ್ಠ (ಸೆಕೆಂಡಿಗೆ 48 ಸಾವಿರ ಸಲ ದನಿಯನ್ನು ಅಳೆಯುವ) 48 ಕಿಲೋಹರ್ಟ್ಸ್‌ನಲ್ಲಿ, ಸಾಧ್ಯವಾದರೆ 96ರಲ್ಲಿ ತೆಗೆಯಬೇಕೆನ್ನುತ್ತದೆ. ಪೋರ್ಟಬಲ್ ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಮಾತಿಗೆ 48 ಕಿಲೋಹರ್ಟ್ಸ್, 24 ಬಿಟ್ ಸಾಕೆಂಬುದು ನನ್ನ ಅಭಿಪ್ರಾಯ. ಹಾಡು, ವಾದ್ಯಗಳಿರುವ ಕ್ಯಾಸೆಟ್‌ಗಳನ್ನು ಮಾತ್ರ 96ರಲ್ಲಿ ತೆಗೆಸಿ. ಎರಡು ಚಾನೆಲ್ಲುಗಳ 48/24 ಕಡತ ಗಂಟೆಗೆ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ನಿಮ್ಮ 70 ಕ್ಯಾಸೆಟ್‌ಗಳೂ 90 ನಿಮಿಷದವೆಂದು ಲೆಕ್ಕ ಹಿಡಿದರೆ 105 ಗಂಟೆ, ಅಂದರೆ ಸುಮಾರು 110 ಗಿಗಾಬೈಟ್. ಇಂದಿನ ಒಂದು ಸಾಧಾರಣ ಹಾರ್ಡ್‌ಡಿಸ್ಕಿನ ಮೂಲೆಯಲ್ಲಿ ಇದು ಹಿಡಿಯುತ್ತದೆ. ಜಾಗ ಉಳಿಸಲು ಎಂಪಿ3 ಮಾಡಬೇಕೆಂಬ ವಾದಕ್ಕೆ ಈಗ ಆಧಾರವಿಲ್ಲ.

ಯಾರಿಗೆ ಕೊಟ್ಟರೂ ಕೆಲವು ಮಾತುಗಳನ್ನು ಮೊದಲೇ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಿ. ಟೂ-ಇನ್-ಒನ್ನಿನಲ್ಲಿ ಹಾಕದೆ ಸುಸ್ಥಿತಿಯಲ್ಲಿರುವ ಡೆಕ್ಕಿನಲ್ಲಿಯೇ ಹಾಕಬೇಕು. ಪ್ರತಿ ಕ್ಯಾಸೆಟ್ಟಿಗೂ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಹೆಡ್ಡಿನ ಓರೆಯನ್ನು, ಅಂದರೆ ಅಜಿಮತ್ತನ್ನು, ಆಯಾ ಕ್ಯಾಸೆಟ್ಟಿಗೆ ಹೊಂದಿಸಬೇಕು. ಈ ಕೊನೆಯದು ಬಹಳ ಮುಖ್ಯ. ನಿಮ್ಮ ತಂದೆಯವರ ರೆಕಾರ್ಡರಿನ ಹೆಡ್ಡು ಕೂದಲೆಳೆಯಷ್ಟು ವಾಲಿದ್ದಿರಬಹುದು. ಈಗಿನ ಡೆಕ್ಕು ನೆಟ್ಟಗಿದ್ದರೆ ಸಕಾರ ಶಕಾರಗಳೆಲ್ಲ ಮಸುಕಾಗಿಬಿಡುತ್ತವೆ. ದನಿ ಅತ್ಯಂತ ಸ್ಪಷ್ಟವಾಗುವವರೆಗೆ ತಿರುಪನ್ನು ಹೊಂದಿಸುವ ಈ ಎರಡು ನಿಮಿಷದ ಕೆಲಸವನ್ನು ಅಗ್ಗದ ದರದಲ್ಲಿ ಮಾಡುವವರು ಬಿಟ್ಟುಬಿಡುತ್ತಾರೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಅದನ್ನು ತುಂಬಿಕೊಳ್ಳಲಾಗುವುದಿಲ್ಲ. ಎರಡೂ ಬದಿಗಳನ್ನು ಆರಂಭದಿಂದ ಕೊನೆಯವರೆಗೆ, ಖಾಲಿಯೆಂದು ತೋರಿದರೂ, ಪೂರ್ತಿಯಾಗಿ ತೆಗೆಯಬೇಕು. ಹತ್ತು ನಿಮಿಷದ ಮೌನದ ನಂತರ ಮಾತು ಮತ್ತೆ ಆರಂಭವಾಗುವುದು ಮನೆಯ ಧ್ವನಿಮುದ್ರಣಗಳಲ್ಲಿ ಅಪರೂಪವಲ್ಲ. ಮೂಲ ಪ್ರತಿಯಲ್ಲಿ ಗದ್ದಲ ತೆಗೆಯುವ, ದನಿ ಏರಿಸುವ ಯಾವ ಸಂಸ್ಕಾರವೂ ಬೇಡ. ಹೆಂಚಿನ ಮೇಲಿನ ಮಳೆ, ಒಳಗಿನಿಂದ ‘ಅದು ಹಾಗಲ್ಲ’ ಎಂದು ತಿದ್ದುವ ಸೊಸೆಯ ಮಾತು, ಇವೆಲ್ಲ ದಾಖಲೆಯ ಭಾಗವೇ. ಹಾಗೆಯೇ ಸಂದರ್ಶಕರ ಪ್ರಶ್ನೆಗಳನ್ನು ಕತ್ತರಿಸುವ ಅಭ್ಯಾಸವೊಂದಿದೆ. ನಿಮ್ಮ ತಂದೆಯವರ ದನಿಯನ್ನು ಯಾವ ಪ್ರತಿಯಿಂದಲೂ ತೆಗೆಯಬೇಡಿ, ಏಕೆಂದರೆ ಪ್ರಶ್ನೆ ಏನಿತ್ತೆಂದು ತಿಳಿಯದೆ ಉತ್ತರವನ್ನು ತೂಗಿನೋಡಲು ಆಗುವುದಿಲ್ಲ.

ಪ್ರತಿ ಕ್ಯಾಸೆಟ್ಟಿಗೂ ಒಂದು ಸಂಖ್ಯೆ ಕೊಡಿ; ಅದೇ ಸಂಖ್ಯೆ ಡಬ್ಬಿಯ ಮೇಲೆ, ಕಡತದ ಹೆಸರಿನಲ್ಲಿ, ವಿವರಪಟ್ಟಿಯಲ್ಲಿ ಇರಲಿ. ಚೀಟಿ, ಒಳಗಿನ ಕಾಗದ, ತಂದೆಯವರ ಡೈರಿಗಳು ಇದ್ದರೆ ಅವೆಲ್ಲವನ್ನೂ ಚಿತ್ರ ತೆಗೆದಿಡಿ.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ. ಹತ್ತು ಹನ್ನೆರಡು ಕ್ಯಾಸೆಟ್‌ಗಳ ಪ್ರತಿ ಸಿದ್ಧವಾಗುತ್ತಿದ್ದಂತೆ, ಉಳಿದವು ಮುಗಿಯಲೆಂದು ಕಾಯದೆ, ಅವನ್ನು ಫೋನಿಗೋ ಲ್ಯಾಪ್‌ಟಾಪಿಗೋ ತುಂಬಿಕೊಂಡು ತುಮರಿ, ಕರೂರು ಸೀಮೆಗೆ ಮತ್ತು ಸಂತ್ರಸ್ತರು ಹೋಗಿ ನೆಲೆಸಿದ ಇತರ ಊರುಗಳಿಗೆ ಹೋಗಿ. ಇದಕ್ಕೆ ದೊಡ್ಡ ಮೇಲ್ಪಂಕ್ತಿಯಿದೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಸುತ್ತಿ ಹಾಡು ಕುಣಿತಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. 1984ರಲ್ಲಿ ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಧ್ವನಿಮುದ್ರಣಗಳ ಪ್ರತಿಗಳನ್ನು ಹಿಡಿದುಕೊಂಡು ತಮಿಳುನಾಡು, ಕೇರಳ, ಕರ್ನಾಟಕಗಳ ಅದೇ ಜಾಗಗಳಿಗೆ ಮರಳಿ ಹೋಗಿ, ಹಾಡಿದವರನ್ನು ಅಥವಾ ಅವರ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿ ಕೇಳಿಸಿದರು. ಅಷ್ಟು ವರ್ಷ ವಿದ್ವಾಂಸರ ಕಪಾಟಿನಲ್ಲಿದ್ದ ದನಿಗಳು ಮತ್ತೆ ತಮ್ಮವರ ಕಿವಿಗೆ ಬಿದ್ದದ್ದು ಹಾಗೆ. ನೀವು ಮಾಡಬೇಕಾದದ್ದು ಅದೇ ಕೆಲಸ, ಸಣ್ಣ ಪ್ರಮಾಣದಲ್ಲಿ.

ಕೇಳಿಸುವಾಗ ಒಬ್ಬರೇ ಇರುವುದಕ್ಕಿಂತ ಮೂರು ನಾಲ್ಕು ಜನ ಹಿರಿಯರು ಒಟ್ಟಿಗೆ ಕೂತರೆ ಒಳ್ಳೆಯದು. ಒಬ್ಬರ ನೆನಪು ಇನ್ನೊಬ್ಬರದನ್ನು ಎಬ್ಬಿಸುತ್ತದೆ, ತಿದ್ದುತ್ತದೆ. ಅವರ ಒಪ್ಪಿಗೆ ಪಡೆದು ಆ ಮಾತುಕತೆಯನ್ನೂ ಧ್ವನಿಮುದ್ರಿಸಿಕೊಳ್ಳಿ. ಮಾತಾಡಿದವರ ಪೂರ್ಣ ಹೆಸರು ಮತ್ತು ಊರಲ್ಲಿ ಕರೆಯುತ್ತಿದ್ದ ಹೆಸರು, ಮುಳುಗಿದ ಊರು ಯಾವುದು, ಆಮೇಲೆ ಹೋಗಿ ಕೂತ ಊರು ಯಾವುದು, ಮಾತಾಡಿದಾಗ ಅಂದಾಜು ವಯಸ್ಸೆಷ್ಟು, ಪಕ್ಕದಲ್ಲಿ ಯಾರ ದನಿಗಳಿವೆ, ಈಗ ಮನೆಯವರು ಯಾರು ಎಲ್ಲಿದ್ದಾರೆ ಎಂಬುದನ್ನು ಬರೆದುಕೊಳ್ಳಿ. ಮುಳುಗಿದ ಊರುಗಳ ಹೆಸರಿನಲ್ಲಿ ಬಹಳ ಜಾಗರೂಕರಾಗಿರಿ: ಒಂದೇ ಹೆಸರಿನ ಎರಡು ಊರುಗಳಿರುತ್ತವೆ, ಮಜರೆಯ ಹೆಸರು ಊರಿನ ಹೆಸರಾಗಿ ಬಾಯಲ್ಲಿ ಬರುತ್ತದೆ. ಅಣೆಕಟ್ಟಿಗಿಂತ ಹಿಂದಿನ ಸರ್ವೆ ಆಫ್ ಇಂಡಿಯಾ ನಕ್ಷೆಗಳನ್ನೂ ಹಳೆಯ ಕಂದಾಯ ಗ್ರಾಮ ನಕ್ಷೆಗಳನ್ನೂ ಜೊತೆಗಿಟ್ಟುಕೊಂಡರೆ ಹಿರಿಯರೇ ಬೆರಳಿಟ್ಟು ತೋರಿಸುತ್ತಾರೆ. ಈ ಮಾಹಿತಿಯಿಲ್ಲದ ಧ್ವನಿಮುದ್ರಣ ಅಂತರ್ಜಾಲದಲ್ಲಿ ನೂರು ವರ್ಷ ಉಳಿದರೂ ಅದು ಯಾರೋ ಒಬ್ಬ ಅಜ್ಜಿಯ ದನಿಯಾಗಿಯೇ ಉಳಿಯುತ್ತದೆ. ಅವಳ ಮೊಮ್ಮಗಳು ತನ್ನಜ್ಜಿಯನ್ನು ಹುಡುಕಿ ಕೇಳಲಾರಳು.

ಅದೇ ಭೇಟಿಯಲ್ಲಿ ಒಪ್ಪಿಗೆಯ ಮಾತನ್ನೂ ಆಡಬೇಕು. ನಿಮ್ಮ ತಂದೆಗೆ ಅವರೆಲ್ಲ ಮನಸ್ಸು ಬಿಚ್ಚಿ ಮಾತಾಡಿದ್ದು ಮೇಷ್ಟರೆಂಬ ವಿಶ್ವಾಸದಿಂದ. ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಯಾವ ಹೊತ್ತಿನಲ್ಲಾದರೂ ಇದನ್ನು ಕೇಳಬಹುದು, ಕತ್ತರಿಸಿ ಹಂಚಬಹುದು ಎಂಬುದು ಆಗ ಯಾರ ಊಹೆಯಲ್ಲಿಯೂ ಇರಲಿಲ್ಲ. ಧ್ವನಿಮುದ್ರಣದ ಮೇಲಿನ ಹಕ್ಕು, ಆಡಿದ ಮಾತಿನ ಮೇಲಿನ ಹಕ್ಕು, ಹಾಡಿದವರಿಗೆ ಪ್ರದರ್ಶಕರಾಗಿ ಇರುವ ಹಕ್ಕು ಇವನ್ನು ನಮ್ಮ ಕೃತಿಸ್ವಾಮ್ಯ ಕಾನೂನು ಬೇರೆ ಬೇರೆಯಾಗಿ ನೋಡುತ್ತದೆ. ಟೇಪು ನಿಮ್ಮ ಮನೆಯಲ್ಲಿದೆ ಎಂಬುದರಿಂದ ಎಲ್ಲವೂ ನಿಮ್ಮದಾಗುವುದಿಲ್ಲ. ಕಾನೂನು ಹೇಗೇ ಇರಲಿ, ಮಾತಾಡಿದವರು ಬದುಕಿದ್ದರೆ ಅವರನ್ನು, ಇಲ್ಲದಿದ್ದರೆ ಮನೆಯವರನ್ನು ಕೇಳದೆ ಒಂದು ಕ್ಯಾಸೆಟ್ಟನ್ನೂ ಸಾರ್ವಜನಿಕಗೊಳಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ. ಮನೆಯವರು ಯಾರೆಂದು ಎಷ್ಟು ಹುಡುಕಿದರೂ ತಿಳಿಯದಿದ್ದಲ್ಲಿ, ಹುಡುಕಿದ ಪ್ರಯತ್ನವನ್ನು ಬರೆದಿಟ್ಟು, ವಿಷಯ ಯಾರಿಗೂ ಧಕ್ಕೆ ತರುವಂಥದ್ದಲ್ಲವೆಂದು ಖಚಿತಪಡಿಸಿಕೊಂಡು ಆಮೇಲೆ ನಿರ್ಧರಿಸಬಹುದು.

ನಿಮ್ಮ ಸಂಗ್ರಹದಲ್ಲಿ ಧಕ್ಕೆಯ ಸಾಧ್ಯತೆ ಸಣ್ಣದಲ್ಲ. ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಅನೇಕರಿಗೆ ಕಾಡಿನ ನಡುವೆ ಕೊಟ್ಟ ಭೂಮಿಯ ಹಕ್ಕುಪತ್ರದ ಪ್ರಶ್ನೆ ಇಷ್ಟು ದಶಕಗಳ ನಂತರವೂ ಬಗೆಹರಿದಿಲ್ಲ; ಅರಣ್ಯ ಇಲಾಖೆ, ಕಂದಾಯ ಇಲಾಖೆ, ನ್ಯಾಯಾಲಯ ಎಂದು ಅದು ಇಂದಿಗೂ ಸುತ್ತುತ್ತಿದೆ. ‘ನಾವು ಬಂದ ವರ್ಷ ಇಷ್ಟು ಕಡಿದೆವು, ಮುಂದಿನ ವರ್ಷ ಅಷ್ಟು ಸೇರಿಸಿಕೊಂಡೆವು’ ಎಂದು ಅಜ್ಜ ಸಹಜವಾಗಿ ಹೇಳಿದ ಮಾತು ನಾಳೆ ಮೊಮ್ಮಗನ ವಿರುದ್ಧ ಸಾಕ್ಷಿಯಾಗಬಹುದು. ಅವನ ಪರವಾದ ಸಾಕ್ಷಿಯೂ ಆಗಬಹುದು. ಆ ನಿರ್ಧಾರವನ್ನು ಆ ಮನೆಯವರು ತಿಳಿದು ಮಾಡಬೇಕು, ನಾವು ಅವರ ಪರವಾಗಿ ಮಾಡಬಾರದು. ಕಾಗೋಡಿನ ಟೇಪುಗಳಲ್ಲಿ ಜಮೀನಿನ ಒಡೆಯರ, ಪೊಲೀಸರ, ಹೋರಾಟದಿಂದ ಹಿಂದೆ ಸರಿದವರ ಹೆಸರುಗಳು ಬರುತ್ತವೆ. ಅವರ ಮಕ್ಕಳು ಮೊಮ್ಮಕ್ಕಳು ಅದೇ ಊರಿನಲ್ಲಿ ಇವರ ಮಕ್ಕಳು ಮೊಮ್ಮಕ್ಕಳ ಜೊತೆ ಬಾಳುತ್ತಿದ್ದಾರೆ. ಜಾತಿಯ ಅವಮಾನಗಳನ್ನು ಹೇಳಿಕೊಂಡ ಹೆಂಗಸರ ಮಾತುಗಳನ್ನು ಹೇಳಿದವರ ಘನತೆಯ ಕಣ್ಣಿನಿಂದ ಇನ್ನೊಮ್ಮೆ ಕೇಳಿ ನೋಡಬೇಕು.

ಹಾಗೆಂದು ‘ಇದನ್ನು ಯಾರಿಗೂ ಕೊಡುವುದಿಲ್ಲ, ಭದ್ರವಾಗಿರುತ್ತದೆ’ ಎಂಬ ಭರವಸೆಯನ್ನೂ ಕೊಡಬೇಡಿ. ಅಮೆರಿಕದ ಬಾಸ್ಟನ್ ಕಾಲೇಜು ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ ಪಾಲ್ಗೊಂಡಿದ್ದವರ ಮಾತುಗಳನ್ನು 2001ರಿಂದ ಕೆಲವು ವರ್ಷ ಧ್ವನಿಮುದ್ರಿಸಿತು. ನೀವು ಬದುಕಿರುವವರೆಗೆ ಇದು ಹೊರಬರುವುದಿಲ್ಲವೆಂದು ಅವರಿಗೆ ತಿಳಿಸಲಾಗಿತ್ತು. 2011ರಲ್ಲಿ ಬ್ರಿಟನ್ನಿನ ಕೋರಿಕೆಯ ಮೇರೆಗೆ ಅಮೆರಿಕದ ನ್ಯಾಯಾಲಯದ ಸಮನ್ಸು ಬಂತು, ಕೊನೆಗೆ ಕೆಲವು ಟೇಪುಗಳು ಪೊಲೀಸರ ಕೈ ಸೇರಿದವು. ವಿಶ್ವವಿದ್ಯಾಲಯದ ಮಟ್ಟದ ಸಂಸ್ಥೆಯೇ ಉಳಿಸಿಕೊಳ್ಳಲಾಗದ ಮಾತನ್ನು ಒಂದು ಕುಟುಂಬ ಕೊಡಬಾರದು. ನೀವು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೇ: ನಾವಾಗಿ ಸಾರ್ವಜನಿಕಗೊಳಿಸುವುದಿಲ್ಲ; ನ್ಯಾಯಾಲಯ ಕೇಳಿದರೆ ಕೊಡಬೇಕಾಗಬಹುದು.

ಆದ್ದರಿಂದ ಧ್ವನಿಮುದ್ರಣಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳಿ: ಎಲ್ಲರಿಗೂ ತೆರೆದವು; ಮನೆಯವರಿಗೆ, ಊರಿನವರಿಗೆ ಅಥವಾ ಕಾರಣ ಹೇಳಿ ಕೇಳುವ ಸಂಶೋಧಕರಿಗೆ ಮಾತ್ರ ಸಿಗುವವು; ಮತ್ತು ಮನೆಯವರು ಹೇಳಿದ ವರ್ಷದವರೆಗೆ ಮುಚ್ಚಿಟ್ಟವು. ದೇವರ ಕಾರ್ಯದಲ್ಲಿ ಮಾತ್ರ ಹಾಡಬೇಕಾದ ಹಾಡುಗಳಿದ್ದರೆ ಆ ಸಮುದಾಯದವರು ಹೇಳಿದಂತೆಯೇ ನಡೆಯಬೇಕು. ಆಸ್ಟ್ರೇಲಿಯಾದ ವಾರುಮುಂಗು ಸಮುದಾಯದೊಂದಿಗೆ ಕೂಡಿ ರೂಪಿಸಿದ ಮುಕುರ್ತು ಎಂಬ ತಂತ್ರಾಂಶ ಯಾವ ದಾಖಲೆಯನ್ನು ಯಾರು ನೋಡಬಹುದೆಂಬ ನಿರ್ಧಾರವನ್ನು ಸಮುದಾಯದ ರೂಢಿಗೆ ಬಿಡುವ ಉದ್ದೇಶದಿಂದಲೇ ಹುಟ್ಟಿದ್ದು, ಉಚಿತವಾಗಿ ಸಿಗುತ್ತದೆ. ಒಂದು ಗಂಟೆಯ ಮಾತಿನಲ್ಲಿ ಎರಡು ನಿಮಿಷ ಮಾತ್ರ ತೊಂದರೆಯದಾದರೆ ಸಾರ್ವಜನಿಕ ಪ್ರತಿಯಲ್ಲಿ ಆ ಎರಡು ನಿಮಿಷವನ್ನು ಮೌನವಾಗಿಸಿ, ಹಾಗೆ ಮಾಡಲಾಗಿದೆಯೆಂದು ವಿವರದಲ್ಲಿ ಬರೆಯಿರಿ, ಮೂಲವನ್ನು ಮುಟ್ಟಬೇಡಿ. ಒಪ್ಪಿಗೆಯನ್ನು ಅಚ್ಚುಹಾಕಿದ ನಮೂನೆಗೆ ಹೆಬ್ಬೆಟ್ಟು ಒತ್ತಿಸುವುದಕ್ಕಿಂತ, ಇದನ್ನೆಲ್ಲ ವಿವರಿಸಿ ಅವರ ಉತ್ತರವನ್ನು ಧ್ವನಿಮುದ್ರಿಸಿಕೊಳ್ಳುವುದು ಮೇಲು. ಮುಂದೆ ಮನಸ್ಸು ಬದಲಾದರೆ ಯಾರಿಗೆ ಹೇಳಬೇಕೆಂಬ ವಿಳಾಸವನ್ನೂ ಕೊಟ್ಟು ಬನ್ನಿ.

ಇಷ್ಟಾದ ಮೇಲೆ ವಿವರಪಟ್ಟಿ. ಎಲ್ಲವನ್ನೂ ಅಕ್ಷರಕ್ಕಿಳಿಸಿದ ಮೇಲೆಯೇ ಹೊರಗಿಡುತ್ತೇವೆಂದು ಹೊರಟ ಸಂಗ್ರಹಗಳು ಹೊರಬರುವುದೇ ಇಲ್ಲ. ಉಪಭಾಷೆಯ ಒಂದು ಗಂಟೆಯ ಮಾತನ್ನು ಎಚ್ಚರದಿಂದ ಬರೆದುಕೊಳ್ಳಲು ಒಂದು ಪೂರ್ತಿ ದಿನ ಹಿಡಿದರೆ ಆಶ್ಚರ್ಯವಿಲ್ಲ. ನಮ್ಮ ಕರಾವಳಿಯ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವೆಂಬ ತುಳು ಹಾಡುಗತೆಯನ್ನು ಫಿನ್‌ಲೆಂಡಿನ ಲೌರಿ ಹೊಂಕೊ, ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡ ಮತ್ತಿತರರ ತಂಡ 1990ರಲ್ಲಿ ಧ್ವನಿಮುದ್ರಿಸಿತು. 15,683 ಸಾಲುಗಳ ಆ ಪಠ್ಯ ಅಚ್ಚಾಗಿ ಬಂದದ್ದು 1998ರಲ್ಲಿ. ನುರಿತ ವಿದ್ವಾಂಸರ ತಂಡಕ್ಕೇ ಅಷ್ಟು ಕಾಲ ಬೇಕಾಯಿತೆಂದ ಮೇಲೆ ಒಂದು ಮನೆಯವರು 105 ಗಂಟೆಗಳ ಪಠ್ಯವನ್ನು ಹೆಗಲಿಗೆ ಹಾಕಿಕೊಳ್ಳುವುದು ಬೇಡ. ಬದಲಿಗೆ ಪ್ರತಿ ಧ್ವನಿಮುದ್ರಣಕ್ಕೂ ಸಮಯಸೂಚಿ ಬರೆಯಿರಿ: ಎಷ್ಟನೆಯ ನಿಮಿಷದಲ್ಲಿ ಯಾವ ವಿಷಯ, ಯಾವ ಊರು, ಯಾವ ಘಟನೆ ಎಂದು ಎರಡೆರಡು ಸಾಲು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ನನ್ ಕೇಂದ್ರ ರೂಪಿಸಿದ ‘ಓಮ್ಸ್’ ಎಂಬ ಉಚಿತ ಸಾಧನ ಇದಕ್ಕೆಂದೇ ಇದೆ. ಕೇಳುಗ ‘ಗೇಣಿ’ ಎಂದು ಹುಡುಕಿದರೆ ಆ ಮಾತು ಬರುವ ಕ್ಷಣಕ್ಕೇ ಅದು ಕರೆದೊಯ್ಯುತ್ತದೆ. ಅಕ್ಷರಕ್ಕಿಳಿಸುವುದಾದರೆ ಆಡಿದಂತೆಯೇ ಬರೆಯಿರಿ. ಹವ್ಯಕ ಅಜ್ಜಿಯ ಮಾತನ್ನೂ ದೀವರ ಅಜ್ಜನ ಮಾತನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿದರೆ ಸಂಗ್ರಹದ ಅರ್ಧ ಬೆಲೆ ಹೋಗುತ್ತದೆ. ಸಮಯಸೂಚಿಯನ್ನು ಮಾತ್ರ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಇಡಿ.

ಏನೇ ಬರೆದರೂ ಎಲ್ಲ ಗಣಕಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಕ್ಷರಸಂಕೇತದಲ್ಲಿಯೇ ಬರೆಯಿರಿ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಾದ ಎಷ್ಟೋ ಒಳ್ಳೆಯ ಕೆಲಸ ಇಂದು ಹುಡುಕಿದರೆ ಸಿಗದೆ, ತೆರೆದರೆ ಓದಲಾಗದ ಗುರುತುಗಳಾಗಿ ಬಿದ್ದಿದೆ. ಮಾತನ್ನು ಯಂತ್ರದಿಂದಲೇ ಅಕ್ಷರವಾಗಿಸಬಹುದಲ್ಲ ಎಂದು ನಿಮ್ಮ ಮಗ ಕೇಳಬಹುದು. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಮಾದರಿಗಳೂ ಓಪನ್‌ಎಐನ ವಿಸ್ಪರ್ ಕೂಡ ಕನ್ನಡವನ್ನು ಗುರುತಿಸುತ್ತವೆ. ಹಲ್ಲಿಲ್ಲದ ಬಾಯಿಯ ಮಲೆನಾಡಿನ ಮಾತು, ಹಳೆಯ ಟೇಪಿನ ಗುಯ್ಗುಟ್ಟುವಿಕೆ ಸೇರಿದರೆ ಅವು ಬಹಳ ತಪ್ಪುತ್ತವೆ, ಅದರಲ್ಲಿಯೂ ಊರು ಮತ್ತು ಮನೆತನದ ಹೆಸರುಗಳಲ್ಲಿ. ಮೊದಲ ಕರಡಿಗೆ ಬಳಸಿ, ಮನುಷ್ಯರು ಕೇಳಿ ತಿದ್ದದೆ ಪ್ರಕಟಿಸಬೇಡಿ. ಮುಚ್ಚಿಟ್ಟ ಬಗೆಯ ಕಡತಗಳನ್ನು ಮಾತ್ರ ಇಂಥ ಯಾವ ಆನ್‌ಲೈನ್ ಸೇವೆಗೂ ಏರಿಸಬಾರದು. ಏರಿಸಿದ ಮೇಲೆ ಅದು ಮುಚ್ಚಿಟ್ಟದ್ದಾಗಿ ಉಳಿಯುವುದಿಲ್ಲ.

ಕೊನೆಗೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ: ಎಲ್ಲಿ ಇಡಬೇಕು. ತೆರೆದ ಬಗೆಯ ಧ್ವನಿಮುದ್ರಣಗಳಿಗೆ ಇಂಟರ್‌ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ ಒಳ್ಳೆಯ ಮನೆ. ಹಣ ಕೇಳುವುದಿಲ್ಲ, ಜಾಹೀರಾತಿಲ್ಲ, ಪ್ರತಿಯೊಂದಕ್ಕೂ ಸ್ಥಿರ ವಿಳಾಸ ಸಿಗುತ್ತದೆ, ವೇವ್ ಏರಿಸಿದರೆ ಹಗುರ ಪ್ರತಿಗಳನ್ನು ಅದೇ ತಯಾರಿಸಿಕೊಳ್ಳುತ್ತದೆ. ಆದರೆ 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಅದು ಕೆಲವು ದಿನ ಮುಚ್ಚಿತ್ತೆಂಬುದನ್ನು ನೆನಪಿನಲ್ಲಿಡಿ. ಯಾವುದೇ ಒಂದು ತಾಣವನ್ನು ನಂಬಿ ನಿಮ್ಮ ಪ್ರತಿಯನ್ನು ಅಳಿಸಬೇಡಿ. ವಿಕಿಪೀಡಿಯದ ಸೋದರ ತಾಣವಾದ ವಿಕಿಮೀಡಿಯ ಕಾಮನ್ಸ್ ಕೂಡ ಇದೆ, ಆದರೆ ಅಲ್ಲಿಗೆ ಕೊಟ್ಟದ್ದನ್ನು ಯಾರು ಬೇಕಾದರೂ ವಾಣಿಜ್ಯಕ್ಕೂ ಬಳಸಬಹುದು. ಮನೆಯವರು ಇದನ್ನು ತಿಳಿದು ಒಪ್ಪಿದ್ದರೆ ಮಾತ್ರ ಹಾಕಿ. ಯೂಟ್ಯೂಬಿನ ವಿಷಯದಲ್ಲಿ ನಿಮ್ಮ ಮಗನ ಉತ್ಸಾಹವನ್ನು ತಳ್ಳಿಹಾಕಲಾರೆ, ಜನ ಇರುವುದೇ ಅಲ್ಲಿ. ಹತ್ತು ನಿಮಿಷದ ಆಯ್ದ ಭಾಗಗಳನ್ನು ಅಲ್ಲಿ ಹಾಕಿ ಪೂರ್ಣ ಧ್ವನಿಮುದ್ರಣದ ವಿಳಾಸ ಕೊಡಲಿ. ಇಡೀ ಸಂಗ್ರಹಕ್ಕೆ ಅದು ನೆಲೆಯಾಗಲಾರದು, ಏಕೆಂದರೆ ಖಾತೆ, ನಿಯಮ, ಜಾಹೀರಾತು ಯಾವುದೂ ನಿಮ್ಮ ಕೈಯಲ್ಲಿಲ್ಲ, ಮತ್ತು ಅಲ್ಲಿ ಟೀಕೆಯ ಸುರಿಮಳೆಗೆ ಮೊದಲು ಸಿಗುವುದು ಮಾತಾಡಿದ ಅಜ್ಜಿಯ ಮನೆಯವರು. ನಿಮ್ಮದೇ ಜಾಲತಾಣ ಬೇಕೆಂದರೆ ಒಮೆಕದಂಥ ಉಚಿತ ತಂತ್ರಾಂಶ ಬಳಸಬಹುದು. ಆದರೆ ಡೊಮೇನ್ ನವೀಕರಣದ ಹಣ ಕಟ್ಟುವವರಿಲ್ಲದೆ ಮಾಯವಾದ ಸ್ಥಳೀಯ ಇತಿಹಾಸದ ತಾಣಗಳನ್ನು ನಾನು ಬಹಳ ಕಂಡಿದ್ದೇನೆ. ಆದ್ದರಿಂದ ತಾಣವನ್ನು ಮುಂಬಾಗಿಲಾಗಿ ಮಾತ್ರ ಇಟ್ಟುಕೊಂಡು ಕಡತಗಳನ್ನು ಬೇರೆ ಕಡೆ ಇಡಿ. ಹಿನ್ನೀರು ದಾಟುವ ಹೊಳೆಬಾಗಿಲಿನ ಆಚೆಯ ಊರುಗಳಲ್ಲಿ ಮೊಬೈಲ್ ಸಿಗ್ನಲ್ ದುರ್ಬಲವೆಂಬುದನ್ನು ಮರೆಯದೆ, ಕೇಳುವ ಪ್ರತಿಯನ್ನು ಒಂದೇ ಚಾನೆಲ್ಲಿನ 64 ಕಿಲೋಬಿಟ್ ಎಂಪಿ3 ಮಾಡಿ, ಇಳಿಸಿಕೊಳ್ಳಲು ಬಿಡಿ. ಗಂಟೆಗೆ 30 ಮೆಗಾಬೈಟಿಗಿಂತ ಕಡಿಮೆಯಾಗುತ್ತದೆ. ಎಂಪಿ3ಗೆ ಸರಿಯಾದ ಜಾಗ ಇದೇ.

ಮೂಲ ವೇವ್ ಕಡತಗಳ ಮೂರು ಪ್ರತಿಗಳಿರಲಿ: ಎರಡು ಬೇರೆ ಬೇರೆ ಕಂಪನಿಯ ಡಿಸ್ಕುಗಳಲ್ಲಿ, ಮೂರನೆಯದು ಬೇರೆ ಊರಿನಲ್ಲಿ. ಪ್ರತಿ ಕಡತಕ್ಕೂ ಚೆಕ್‌ಸಮ್ (ಕಡತದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತೆಗೆದಿಟ್ಟು ವರ್ಷಕ್ಕೊಮ್ಮೆ ಹೋಲಿಸಿ ನೋಡಿದರೆ ಯಾವುದಾದರೂ ಕೆಟ್ಟಿದೆಯೇ ಎಂದು ತಿಳಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಡಿಸ್ಕು ಬದಲಿಸಲೇಬೇಕು. ಇದು ಮುಗಿಯದ ಕೆಲಸವಾದ್ದರಿಂದ ಒಂದು ಸಂಸ್ಥೆಯ ಆಸರೆ ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಿಮಗೆ ಹತ್ತಿರ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೋಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳ ಕ್ಷೇತ್ರವೂ ಇದೇ. ಹಾಡುಗಳು ಹೆಚ್ಚಿದ್ದರೆ 1982ರಿಂದ ಸಂಗೀತದ ಧ್ವನಿಮುದ್ರಣಗಳನ್ನು ಕಾಪಾಡುತ್ತಿರುವ, ಈಗ ಗುರುಗ್ರಾಮದಲ್ಲಿರುವ ಎಆರ್‌ಸಿಇ ಕೇಂದ್ರಕ್ಕೂ ಬರೆದು ನೋಡಿ. ಯಾರಿಗೆ ಕೊಟ್ಟರೂ ಪ್ರತಿಯನ್ನು ಕೊಡಿ, ಮೂಲ ಕ್ಯಾಸೆಟ್‌ಗಳನ್ನು ಲಿಖಿತ ಕರಾರಿಲ್ಲದೆ ಕೊಡಬೇಡಿ; ನಿಮ್ಮ ಮೂರು ಬಗೆಯ ವಿಂಗಡಣೆಯನ್ನು ಅವರೂ ಪಾಲಿಸಬೇಕು, ಹಂಚುವ ಹಕ್ಕು ಅವರೊಬ್ಬರದೇ ಆಗಕೂಡದು ಎಂಬ ಎರಡು ಮಾತುಗಳು ಆ ಕರಾರಿನಲ್ಲಿ ಇರಲೇಬೇಕು. ಡಿಜಿಟಲ್ ಪ್ರತಿಯಾದ ಮೇಲೆ ಹಳೆಯ ಕ್ಯಾಸೆಟ್‌ಗಳನ್ನು ಎಸೆಯಬೇಡಿ.

ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂಬುದೊಂದು ಉಳಿಯಿತು. ಬೂಸ್ಟು ಹಿಡಿದವು ನುರಿತವರ ಬಳಿಗೆ ಹೋಗಲಿ. ಉಳಿದವುಗಳಲ್ಲಿ ಚೀಟಿಯ ಮೇಲೆ ಹೆಸರು ಸ್ಪಷ್ಟವಾಗಿರುವುದನ್ನು ಮೊದಲು ಮಾಡೋಣವೆಂದು ಎಲ್ಲರಿಗೂ ಅನಿಸುತ್ತದೆ. ನೀವು ಅದಕ್ಕೆ ವಿರುದ್ಧವಾಗಿ ಹೆಸರಿಲ್ಲದವನ್ನು, ಅವುಗಳಲ್ಲಿಯೂ ಹಿರೇಭಾಸ್ಕರದ ಕಾಲವನ್ನು ನೆನೆದವರದನ್ನು ಮೊದಲು ತೆಗೆಸಿ, ಏಕೆಂದರೆ ಅವರನ್ನು ಗುರುತಿಸಬಲ್ಲವರು ಉಳಿದಿರುವುದು ಬೆರಳೆಣಿಕೆಯಷ್ಟು. ಮಳೆ ಹಿಡಿದ ಮೇಲೆ ವಯಸ್ಸಾದವರನ್ನು ಒಂದೆಡೆ ಸೇರಿಸುವುದೂ ಆ ದಾರಿಗಳಲ್ಲಿ ಓಡಾಡುವುದೂ ಕಷ್ಟ. ಮೊದಲ ಹತ್ತು ಕ್ಯಾಸೆಟ್‌ಗಳ ಪ್ರತಿ ಬೇಸಿಗೆಯ ಆರಂಭದೊಳಗೆ ಕೈಸೇರುವಂತೆ ಮಾತಾಡಿಕೊಳ್ಳಿ, ಅಡಿಕೆ ಕೊಯ್ಲಿನ ಕೆಲಸ ಮುಗಿದ ಮೇಲೆ ಊರುಗಳಿಗೆ ಹೊರಡಿ.